ಪ್ರಸ್ತಾವನೆ ಅದ, ಆದೇಶ ಎಲ್ಲಿ?

ಸರ್ಕಾರದ ಮುದ್ರೆ ಬಿದ್ದ ಕಾಗದವನ್ನು ನಮ್ಮ ಅತ್ತೆ ಎಣ್ಣೆಗೈಯಲ್ಲಿ ಮುಟ್ಟುವವರಲ್ಲ. ಧಾರವಾಡದ ಹತ್ತಿರದ ಒಂದು ತಹಶೀಲ್ದಾರ್ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿ, ಅಲ್ಲೇ ತಲೆಗೂದಲು ಹಣ್ಣಾಗಿ, ಅಲ್ಲೇ ಹಾರ ಹಾಕಿಸಿಕೊಂಡು ನಿವೃತ್ತರಾದವರು. ಅಮೆರಿಕದ ಹ್ಯೂಸ್ಟನ್ ಹತ್ತಿರ, ಸೈಪ್ರೆಸ್‌ನ ನಮ್ಮ ಮನೆಗೆ ಬಂದು ವರ್ಷಗಳಾದರೂ ಕಚೇರಿ ಅವರನ್ನು ಬಿಟ್ಟಿಲ್ಲ. ನೀರಿನ ಬಿಲ್ಲು ಬಂದರೂ ಸೆರಗಿಗೆ ಕೈ ಒರೆಸಿಕೊಂಡು ಮೊದಲು ತಾರೀಖು, ಆಮೇಲೆ ಸಹಿ, ಕೊನೆಗೆ ವಿಷಯ ನೋಡುತ್ತಾರೆ. ಒಮ್ಮೆ ಪಿಜ್ಜಾ ಅಂಗಡಿಯ ಜಾಹೀರಾತಿನ ಮೇಲೂ ಅದು ಬಂದ ದಿನಾಂಕ ಬರೆದಿಟ್ಟಿದ್ದರು. "ಯಾಕತ್ತೀ?" ಅಂದೆ. "ನಾಳೆ ಅವರು ಕಳಿಸೇ ಇಲ್ಲ ಅಂದ್ರ?" ಅಂದರು.

ಈ ಅತ್ತೆಗೂ ಪಕ್ಕದ ಮನೆಯ ಆಂಟಿಗೂ ಸ್ನೇಹವಾದದ್ದು ಬೆಂಡೆಕಾಯಿಯ ದೆಸೆಯಿಂದ. ಆಂಟಿ ಬೇಲಿಯ ಪಕ್ಕ ಬೆಂಡೆ ಹಾಕಿದ್ದರು. ಅತ್ತೆ ಬೇಲಿಯ ಈಚೆ ನಿಂತು, ಕಾಯಿ ಬಲಿತುಹೋಗುತ್ತಿವೆ ಎಂದು ತಮ್ಮ ಕಚೇರಿ ಇಂಗ್ಲಿಷಿನಲ್ಲಿ ನೋಟೀಸು ಕೊಟ್ಟರು. ಆಂಟಿ ಒಂದು ಬುಟ್ಟಿ ಕಿತ್ತು ಕೊಟ್ಟರು. ಅಂದಿನಿಂದ ಜಗಳ. ಆಂಟಿ ಬೆಂಡೆಯನ್ನು ಅದರ ಲೋಳೆಯೆಲ್ಲ ಸಾರಿಗೆ ಇಳಿಯುವ ತನಕ ಕುದಿಸುವವರು. ಅತ್ತೆ ಒಂದು ಹನಿ ಲೋಳೆ ಉಳಿಯದಂತೆ ಹುರಿಯುವವರು. ಒಬ್ಬರ ಅಡುಗೆಯನ್ನು ಇನ್ನೊಬ್ಬರು ಮೂಗು ಮುರಿದುಕೊಂಡೇ ಪೂರ್ತಿ ತಿನ್ನುತ್ತಿದ್ದರು. ಅವರಿಬ್ಬರೂ ಮಾತಾಡುತ್ತಿದ್ದದ್ದು ಇಂಗ್ಲಿಷೇ. ಆದರೆ ಅತ್ತೆಯ ಇಂಗ್ಲಿಷಿನಲ್ಲಿ ಧಾರವಾಡ ಎಷ್ಟು ತುಂಬಿಕೊಂಡಿತ್ತೆಂದರೆ ನನ್ನ ಕಿವಿಗೆ ಅದು ಕನ್ನಡವಾಗಿಯೇ ಬೀಳುತ್ತಿತ್ತು. ಬಿದ್ದಂತೆಯೇ ಇಲ್ಲಿ ಬರೆಯುತ್ತೇನೆ.

ಆಂಟಿಗೆ ಎಂಬತ್ತರ ಹತ್ತಿರ. ಅವರ ಅಪ್ಪ ಲೂಸಿಯಾನಾದಿಂದ ಟೆಕ್ಸಾಸಿನ ಕರಾವಳಿಗೆ ತೈಲ ಕಾರ್ಖಾನೆಯ ಕೆಲಸ ಹುಡುಕಿಕೊಂಡು ಬಂದವರು. ಮನೆಮಾತು ಫ್ರೆಂಚ್. ಪ್ಯಾರಿಸ್ಸಿನವರದು ಬೇರೆ, ಇವರದು ಜೌಗುನೆಲದಲ್ಲಿ ಮೀನು ಹಿಡಿಯುವವರು, ಭತ್ತ ಬೆಳೆಯುವವರು ತಲೆತಲಾಂತರದಿಂದ ಬಾಯಲ್ಲೇ ಕಾಪಾಡಿಕೊಂಡು ಬಂದದ್ದು. ಈ ಜನರನ್ನು ಕೇಜನ್ ಅನ್ನುತ್ತಾರೆ. ಆಂಟಿಗೆ ಫ್ರೆಂಚ್ ಓದಲು ಬಾರದು, ಬರೆಯಲು ಬಾರದು. ಆಡಲು ಮಾತ್ರ ಬರುತ್ತದೆ. ಎಲ್ಲರನ್ನೂ 'ಶಾ' ಎಂದು ಕರೆಯುತ್ತಾರೆ, ನಮ್ಮ ಕಡೆ 'ಯವ್ವಾ' ಅಂದ ಹಾಗೆ.

ಅವರ ಮಾತಿಗೆ ಅಕ್ಷರವಿಲ್ಲ ಎಂದು ಕೇಳಿದಾಗ ನನಗೆ ಅವರು ಹತ್ತಿರದವರು ಅನ್ನಿಸಿತ್ತು. ನಾನು ಬೆಳೆದದ್ದು ಸೋಲಾಪುರದಲ್ಲಿ, ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ನನಗೆ ಬಂದದ್ದು ಅಜ್ಜಿಯ ಬೈಗುಳದಿಂದ, ಚಿಕ್ಕಜ್ಜ ಅಂಗಳದಲ್ಲಿ ಬಾಯಿ ತುಂಬ ಅಡಿಕೆ ಇಟ್ಟುಕೊಂಡು ಹೇಳುತ್ತಿದ್ದ ಕತೆಗಳಿಂದ. ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಹಳೆಯ ಪಂಚಾಂಗವೊಂದನ್ನು ಮುಂದಿಟ್ಟುಕೊಂಡು, ಇದೇ ಅತ್ತೆಯ ಹತ್ತಿರ. ಹ್ಯೂಸ್ಟನ್ನಿನಲ್ಲಿ ಕನ್ನಡದವರ ಕೂಟಕ್ಕೆ ಮೊದಲ ಸಲ ಹೋಗಿ ಬಾಯಿ ತೆರೆದಾಗ, ಮೈಸೂರಿನ ಹಿರಿಯರೊಬ್ಬರು "ನೀವು ಮರಾಠಿಯವರಾ? ಕನ್ನಡ ಚೆನ್ನಾಗಿ ಕಲ್ತಿದ್ದೀರಮ್ಮ" ಎಂದು ತುಂಬ ಪ್ರೀತಿಯಿಂದ ಮೆಚ್ಚಿದ್ದರು. ಅಜ್ಜಿ ಆಡುತ್ತಿದ್ದ ಮಾತನ್ನೇ ನಾನು ಆಡಿದ್ದೆ. ಮನೆಗೆ ಬಂದು ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಿರಲಿಲ್ಲ.

ಆಂಟಿಗೆ ಒಬ್ಬಳೇ ಅಕ್ಕ. ಹ್ಯೂಸ್ಟನ್ನಿನ ಪೂರ್ವದ ತುದಿಯಲ್ಲಿ ಮುದುಕರನ್ನು ನೋಡಿಕೊಳ್ಳುವ ಒಂದು ಆರೈಕೆ ಮನೆಯಲ್ಲಿದ್ದಾರೆ. ಲಕ್ವ ಹೊಡೆದ ಮೇಲೆ ಅವರ ಇಂಗ್ಲಿಷ್ ಪೂರ್ತಿ ಹೊರಟುಹೋಯಿತು. ಉಳಿದದ್ದು ಅಮ್ಮನ ಮಾತು. ಅಲ್ಲಿನ ದಾದಿಯರಿಗೆ ಅದು ಅರ್ಥವಾಗುತ್ತಿರಲಿಲ್ಲ. ನಿಯಮದ ಪ್ರಕಾರ ಒಮ್ಮೆ ಫೋನಿನಲ್ಲಿ ಫ್ರೆಂಚ್ ದುಭಾಷಿಯೊಬ್ಬರನ್ನು ಹಿಡಿದು ಕೇಳಿಸಿದರು. ಆ ದುಭಾಷಿ ಸ್ವಲ್ಪ ಹೊತ್ತು ಆಲಿಸಿ, "ಕ್ಷಮಿಸಿ, ಇದು ಫ್ರೆಂಚ್ ಅಲ್ಲ" ಅಂದರಂತೆ. ಅಲ್ಲಿಂದ ಅಕ್ಕನ ದಾಖಲೆಯಲ್ಲಿ 'ಮಾತು ಅಸಂಬದ್ಧ' ಎಂದು ಬಿತ್ತು. ಹಾಗೆಂದು ಬಿದ್ದವರನ್ನು ಅಲ್ಲಿ ಕ್ರಮೇಣ ಬೀಗ ಹಾಕಿದ ಬೇರೆ ವಿಭಾಗಕ್ಕೆ ಸಾಗಿಸುತ್ತಾರೆ, ಬುದ್ಧಿ ಸ್ಥಿಮಿತ ತಪ್ಪಿದವರ ವಿಭಾಗಕ್ಕೆ. ವಸಂತದ ಹೊತ್ತಿಗೆ ಸಭೆ ಸೇರಿ ತೀರ್ಮಾನಿಸುವುದಾಗಿ ಆಂಟಿಗೆ ಹೇಳಿದ್ದರು.

"ಅಲ್ಲಿಗೆ ಹೋದವರ ಜೊತೆ ಯಾರೂ ಮಾತಾಡೋಲ್ಲ, ಶಾ" ಅಂದಿದ್ದರು ಆಂಟಿ. "ಬಾಗಿಲು ಹಾಕ್ಕೊಂಡು ಟೀವಿ ಹಚ್ಚಿಡ್ತಾರೆ. ಅವಳು ಮಾತಾಡ್ತಿದ್ದಾಳೆ. ಅದು ಮಾತು ಅಂತ ಅವರಿಗೆ ಯಾರು ಹೇಳಬೇಕು?"

ಆ ನವೆಂಬರಿನಲ್ಲಿ ನಮ್ಮವರ ರಾಜ್ಯೋತ್ಸವಕ್ಕೆ ಅತ್ತೆ ಆಂಟಿಯನ್ನೂ ಕರೆದುಕೊಂಡು ಬಂದರು. ಪ್ರತಿ ವರ್ಷದಂತೆ ನಗರದ ಪರವಾಗಿ ಒಬ್ಬರು ಬಂದು ಘೋಷಣಾ ಪತ್ರ ಓದಿದರು. ಕನ್ನಡ ಪ್ರಾಚೀನ ಭಾಷೆ, ಕನ್ನಡಿಗರು ಈ ಊರಿಗೆ ಬಹಳ ಕೊಟ್ಟಿದ್ದಾರೆ, ಆದ್ದರಿಂದ ಈ ದಿನ ಕನ್ನಡದ ದಿನ. ಚಪ್ಪಾಳೆ, ಫೋಟೋ, ಆಮೇಲೆ ಬಿಸಿಬೇಳೆಬಾತಿಗೆ ಸಾಲು. ಆ ಸಾಲಿನಲ್ಲಿ ನಿಂತಾಗ ಆಂಟಿ, "ಅದೇನದು ಚಿನ್ನದ ಸೀಲಿನ ಕಾಗದ?" ಎಂದು ಕೇಳಿದರು.

"ಮಾನ್ಯತಾ ರೀ, ಅಕ್ಕಾರ" ಅಂದರು ಅತ್ತೆ. "ಇಂಥಾದ್ದೊಂದು ಭಾಷಾ ಅದ, ಆಡೋ ಮಂದಿ ಇಲ್ಲಿ ಇದ್ದಾರ ಅಂತ ಸರ್ಕಾರ ಬರದು ಕೊಟ್ಟದ."

"ಭಾಷೆ ಇದೆ ಅಂತ ಸರ್ಕಾರ ಬರೆದು ಕೊಡುತ್ತಾ?"

"ಕೇಳಿದ್ರ ಕೊಡ್ತದ. ಕೇಳ್ಬೇಕು."

ಆಂಟಿ ತಟ್ಟೆ ಹಿಡಿದು ಹಾಗೆಯೇ ನಿಂತರು. ಹಿಂದಿನವರು ಸಾಲು ಮುಂದೆ ಹೋಗಲೆಂದು ಕಾಯುತ್ತಿದ್ದರು. ಅದು ಶಿಷ್ಟಾಚಾರದ ಕಾಗದ, ಬಾರ್ಬೆಕ್ಯೂ ದಿನಕ್ಕೂ ನಾಯಿ ಸಾಕುವವರ ದಿನಕ್ಕೂ ಅದೇ ಸೀಲು ಒತ್ತಿಕೊಡುತ್ತಾರೆ ಎಂದು ನನಗೆ ಗೊತ್ತಿತ್ತು. ಆಂಟಿಯ ಮುಖ ನೋಡಿದ ಮೇಲೆ ಹೇಳಲು ಬಾಯಿ ಬರಲಿಲ್ಲ.

ಡಾಲಸ್ ಕಡೆ, ಮೆಕಿನ್ನಿಯಲ್ಲಿ ನನ್ನ ಸೋದರಮಾವನ ಮಗನಿದ್ದಾನೆ. ಬೆಂಗಳೂರಿನಲ್ಲಿ ಬೆಳೆದವನು. ಅಲ್ಲಿನ ಕನ್ನಡದವರಿಗೆ ಇಂಥ ಪತ್ರಗಳನ್ನು ತಂದುಕೊಡುವ ಓಡಾಟವೆಲ್ಲ ಅವನದೇ. ಅವನಿಗೆ ಫೋನು ಮಾಡಿದೆ.

"ಅಯ್ಯೋ ಅಕ್ಕಾ, ದೊಡ್ಡ ವಿಷಯ ಏನಲ್ಲ ಅದು. ಡ್ರಾಫ್ಟ್ ನೀವೇ ಮಾಡಿ ಕಳಿಸಿ. ಅವರು ಫಾಂಟ್ ಚೇಂಜ್ ಮಾಡಿ ಸೀಲ್ ಹಾಕಿ ಕೊಡ್ತಾರೆ."

"ಅಂದ್ರೆ ನಮ್ಮನ್ನ ನಾವೇ ಹೊಗಳಿಕೊಂಡು ಬರೀಬೇಕಾ?"

"ಮತ್ತಿನ್ಯಾರು ಹೊಗಳ್ತಾರೆ ಹೇಳು? ಒಂದೇ ರೂಲು, ಕಂಪ್ಲೇಂಟ್ ಮಾಡಬಾರದು. ಅಡುಗೆ, ಹಾಡು, ಹಬ್ಬ, ಕಷ್ಟಪಟ್ಟು ದುಡಿಯೋ ಜನ, ಇಷ್ಟು ಹಾಕು, ಪಾಸ್ ಆಗುತ್ತೆ." ಆಮೇಲೆ ದನಿ ತಗ್ಗಿಸಿ, "ಯಾರಿಗೆ ಇದು? ಫ್ರೆಂಚಾ? ನೀನ್ಯಾಕೆ ಅವರ ಪಲ್ಲಕ್ಕಿ ಹೊರ್ತಿದ್ದೀಯಾ?" ಅಂದ.

ಅತ್ತೆಗೆ ಫೋನಿನ ಈಚೆಯಿಂದಲೇ ಕೇಳಿಸಿತ್ತು. "ಅವಂಗ ಹೇಳು, ಪಲ್ಲಕ್ಕಿ ಹೊತ್ತವರಿಗೂ ಪ್ರಸಾದ ಸಿಗ್ತದ ಅಂತ."

ನಮ್ಮ ಊಟದ ಮೇಜಿನ ಮೇಲೆ ಕರಡು ತಯಾರಾಯಿತು. ಅತ್ತೆ ಕನ್ನಡಕ ಏರಿಸಿ ಮೇಲ್ವಿಚಾರಣೆಗೆ ಕುಳಿತರು. ಆಂಟಿ ಹೇಳಿದ್ದನ್ನು ನಾನು ಲ್ಯಾಪ್‌ಟಾಪಿನಲ್ಲಿ ಹೊಡೆದೆ. ಮೆಕಿನ್ನಿಯವನು ಹೇಳಿದಂತೆ ಅಡುಗೆ, ಹಾಡು, ಹಬ್ಬ ಎಲ್ಲ ಬಂತು. ಆದರೆ ಆಂಟಿಗೆ ಬೇಕಾಗಿದ್ದದ್ದು ಎರಡೇ ವಾಕ್ಯ. ಮೊದಲನೆಯದು, ಈ ರಾಜ್ಯದ ಶಾಲೆಗಳಲ್ಲಿ ಒಂದು ಫ್ರೆಂಚ್ ಮಾತು ಆಡಿದ್ದಕ್ಕೆ ಮಕ್ಕಳನ್ನು ಜೋಳದ ಕಾಳಿನ ಮೇಲೆ ಮೊಣಕಾಲೂರಿಸಿ ನಿಲ್ಲಿಸುತ್ತಿದ್ದರು ಎಂಬುದು. ಎರಡನೆಯದು, ಈ ಜನರ ಮಾತು ಪುಸ್ತಕದ ಫ್ರೆಂಚಿಗಿಂತ ಬೇರೆಯಾದದ್ದು, ಬಾಯಿಂದ ಕಿವಿಗೆ ಬಂದದ್ದು, ಈಗಲೂ ಆಡುವವರಿದ್ದಾರೆ, ಮತ್ತು ಅದು ಫ್ರೆಂಚೇ ಎಂಬುದು.

ಮೊದಲನೆಯದನ್ನು ಹೊಡೆಯುವಾಗ ನಾನು ಅನುಮಾನಿಸಿದೆ. "ಆಂಟಿ, ಇದು ಕಂಪ್ಲೇಂಟ್ ಥರ ಆಗುತ್ತೇನೋ."

"ಆಗಿದ್ದನ್ನ ಹೇಳಿದ್ರೆ ಕಂಪ್ಲೇಂಟಾ?"

"ಹೊಡಿ ನೀ" ಅಂದರು ಅತ್ತೆ. "ಹೊಡದು ಹಾಕೋದು ಅವರ ಕೆಲಸ. ಬರಿಯೋದು ನಮ್ಮ ಕೆಲಸ."

ನಗರದ್ದಕ್ಕಿಂತ ರಾಜ್ಯದ ಮುದ್ರೆ ದೊಡ್ಡದೆಂದು ಅತ್ತೆ ಪಟ್ಟು ಹಿಡಿದದ್ದರಿಂದ ಕರಡು ನಮ್ಮ ಭಾಗದ ಶಾಸಕರ ಕಚೇರಿಗೆ ಹೋಯಿತು. ಸಂಕ್ರಾಂತಿ ಕಳೆದ ಮೇಲೆ ಮರಳಿ ಬಂತು. ತುಂಬ ವಿನಯದ ಒಂದು ಇಮೇಲು: ಪತ್ರ ಸುಂದರವಾಗಿದೆ, ಆಚರಣೆಯ ಧಾಟಿಗೆ ಹೊಂದುವಂತೆ ಸಣ್ಣ ಬದಲಾವಣೆ ಮಾಡಿದ್ದೇವೆ. ಜೋಳದ ಕಾಳು ಹೋಗಿತ್ತು. ಆ ಜಾಗದಲ್ಲಿ 'ಅನೇಕ ಸವಾಲುಗಳ ನಡುವೆಯೂ' ಎಂದು ಬಂದಿತ್ತು. ಅತ್ತೆ ಸಿಟ್ಟಾದರು. ಮೇಲ್ಮನವಿ ಬರೆಯಬೇಕೆಂದರು. ಆಂಟಿ ಎರಡನೆಯ ವಾಕ್ಯದ ಮೇಲೆ ಬೆರಳಿಟ್ಟು, "ಇದನ್ನ ಇಟ್ಟಿದ್ದಾರಲ್ಲ, ಸಾಕು. ನನಗೆ ಬೇಕಾಗಿರೋದು ಇದು. ಅದು ನನ್ನ ಮಂಡಿಗೆ ಗೊತ್ತಿದೆ" ಅಂದರು.

ಮಾರ್ಚ್ ತಿಂಗಳಲ್ಲಿ ರಾಜ್ಯದ ರಾಜಧಾನಿ ಆಸ್ಟಿನ್ನಿಗೆ ಹೋದೆವು. ನಾನು ಆಫೀಸಿಗೆ ರಜೆ ಹಾಕಿ ಡ್ರೈವ್ ಮಾಡಿದೆ. ಹೆದ್ದಾರಿಯ ಎರಡೂ ಕಡೆ ನೀಲಿ ಹೂ ಬಂದಿದ್ದವು. ಆಂಟಿ ಮುತ್ತಿನ ಸರ ಹಾಕಿಕೊಂಡಿದ್ದರು. ಅತ್ತೆ ರಾಜ್ಯೋತ್ಸವಕ್ಕೆ ಉಟ್ಟಿದ್ದ ಇಳಕಲ್ ಸೀರೆಯನ್ನೇ ಉಟ್ಟು, ತೊಡೆಯ ಮೇಲೆ ಒಂದು ಫೈಲ್ ಇಟ್ಟುಕೊಂಡಿದ್ದರು. ಒಳಗೆ ಕರಡಿನ ಪ್ರತಿ, ಇಮೇಲಿನ ಪ್ರತಿ, ಆಂಟಿಯ ಅಕ್ಕನ ಕಾಗದಗಳ ಪ್ರತಿ. ಶಾಸನಸಭೆಯ ಗ್ಯಾಲರಿಯಲ್ಲಿ ಕುಳಿತೆವು. ಕೆಳಗೆ ಸದಸ್ಯರು ಗುಂಪುಗುಂಪಾಗಿ ನಿಂತು ಮಾತಾಡುತ್ತಿದ್ದರು, ಒಬ್ಬರು ಏನೋ ತಿನ್ನುತ್ತಿದ್ದರು. ಆ ಗದ್ದಲದಲ್ಲೇ ನಮ್ಮ ಪತ್ರ ಓದಲಾಯಿತು. ಗ್ಯಾಲರಿಯಲ್ಲಿ ನಿಲ್ಲಿ ಅಂದರು, ನಿಂತೆವು. ಮೂರೂ ಜನರಿಗೆ ಚಪ್ಪಾಳೆ ಬಿತ್ತು. ಇಳಕಲ್ ಸೀರೆಯ ಫ್ರೆಂಚ್ ಹೆಂಗಸನ್ನು ನೋಡಿ ಕೆಳಗಿದ್ದವರು ಏನಂದುಕೊಂಡರೋ. ಅತ್ತೆ ಮಾತ್ರ ಎರಡೂ ಕೈ ಜೋಡಿಸಿ ಮೂರು ದಿಕ್ಕಿಗೂ ನಮಸ್ಕಾರ ಮಾಡಿದರು.

ಊಟಕ್ಕೆ ಅಲ್ಲೇ ಹತ್ತಿರದ ಸೀಡರ್ ಪಾರ್ಕಿನಲ್ಲಿರುವ ನನ್ನ ಗೆಳತಿಯ ಮನೆಗೆ ಹೋದೆವು. ಗೆಳತಿ ಚಿತ್ರಾನ್ನ ಮಾಡಿಟ್ಟು, ಬೀಗದ ಸಂಖ್ಯೆ ಕಳಿಸಿ, ಕೆಲಸಕ್ಕೆ ಹೋಗಿದ್ದಳು. ಅತ್ತೆ ಕೈ ತೊಳೆದು, ಒರೆಸಿ, ಸಭೆಯಲ್ಲಿ ಕೊಟ್ಟ ಮುದ್ರೆಯ ಪತ್ರವನ್ನು ಮೇಜಿನ ಮೇಲಿಟ್ಟು, "ಓದು" ಅಂದರು. ಓದಿದೆ. ನಮ್ಮ ಕರ್ನಾಟಕದ ಸರ್ಕಾರಿ ಆದೇಶಗಳಿಗೆ ಒಂದು ಕಟ್ಟಿದೆ ಎಂಬುದನ್ನು ಅತ್ತೆಯಿಂದ ನಾನು ಎಷ್ಟೋ ಸಲ ಕೇಳಿದ್ದೇನೆ. ಮೊದಲು ಪ್ರಸ್ತಾವನೆ, ಅಂದರೆ ವಿಷಯ ಹೀಗೆ ಹೀಗಿದೆ ಎಂಬ ಹಿನ್ನೆಲೆ. ಆಮೇಲೆ ಆದೇಶ, ಅಂದರೆ ಯಾರು ಏನು ಮಾಡತಕ್ಕದ್ದು ಎಂಬುದು. ಪ್ರಸ್ತಾವನೆ ಎಷ್ಟೇ ಉದ್ದವಿರಲಿ, ಅಧಿಕಾರಿಯ ಕಣ್ಣು ಹುಡುಕುವುದು ಆ ಎರಡನೆಯ ಭಾಗವನ್ನು.

ನಾನು ಓದಿ ಮುಗಿಸಿದೆ. ಅತ್ತೆ ಕಾಯುತ್ತಿದ್ದರು.

"ಪ್ರಸ್ತಾವನೆ ಅದ. ಆದೇಶ ಎಲ್ಲಿ?"

"ಇಷ್ಟೇ ಅತ್ತೀ."

"ಹಿಂದ ನೋಡು."

ಹಿಂದೆ ಖಾಲಿ ಇತ್ತು. ಅತ್ತೆ ತಾವೇ ತಿರುಗಿಸಿ ನೋಡಿದರು. ಆಂಟಿ ಚಿತ್ರಾನ್ನದ ಕಡಲೆಬೀಜಗಳನ್ನು ತಟ್ಟೆಯ ಅಂಚಿಗೆ ಸರಿಸುತ್ತ, ನಾವು ಕನ್ನಡದಲ್ಲಿ ಏನೋ ಮೆಚ್ಚಿಕೊಳ್ಳುತ್ತಿದ್ದೇವೆ ಎಂದುಕೊಂಡು ನಗುತ್ತಿದ್ದರು. ಅತ್ತೆ ಅವರತ್ತ ನೋಡಿ, ಪತ್ರವನ್ನು ಫೈಲಿಗೆ ಸೇರಿಸಿ, ನನಗೆ ಮಾತ್ರ ಕೇಳುವಂತೆ, "ಮುದ್ರಿ ಅದ. ಮುದ್ರಿ ನೋಡಿ ಅಂಜೋ ಮಂದಿ ಭಾಳ. ನಡೀತದ" ಅಂದರು. ಹಾಗೆ ಅಂದರಾದರೂ ಹ್ಯೂಸ್ಟನ್ ಮುಟ್ಟುವ ತನಕ ಕಿಟಕಿಯ ಹೊರಗೆ ನೋಡುತ್ತಲೇ ಕುಳಿತಿದ್ದರು.

ಆರೈಕೆ ಮನೆಯ ಸಭೆ ಏಪ್ರಿಲಿನಲ್ಲಿ ಆಯಿತು. ಒಂದು ಸಣ್ಣ ಕೋಣೆ, ಉದ್ದನೆಯ ಮೇಜು, ಪ್ಲಾಸ್ಟಿಕ್ ಹೂವಿನ ಕುಂಡ. ಮೇಜಿನ ಆಚೆ ಅಲ್ಲಿನ ಮ್ಯಾನೇಜರ್ ಮತ್ತು ಹಿರಿಯ ನರ್ಸ್. ಈಚೆ ನಾವು ಮೂವರು. ಮ್ಯಾನೇಜರ್ ಒಳ್ಳೆಯ ಹೆಂಗಸು ಎಂದೇ ಹೇಳಬೇಕು. ಪತ್ರವನ್ನು ಪೂರ್ತಿ ಓದಿದರು, ಕಣ್ಣು ಒದ್ದೆ ಮಾಡಿಕೊಂಡರು. "ಇದನ್ನ ನಮ್ಮ ಮುಂಬಾಗಿಲ ಹಾಲ್‌ನಲ್ಲಿ ಫ್ರೇಮ್ ಹಾಕಿಸ್ತೀನಿ. ಒಂದು ವಾರ ಫ್ರೆಂಚ್ ಹಬ್ಬ ಮಾಡೋಣ. ಪ್ಯಾರಿಸ್ ಗೋಪುರದ ಚಿತ್ರ, ಉದ್ದ ಬ್ರೆಡ್ಡು, ಎಲ್ಲ" ಅಂದರು.

"ನಮ್ಮಲ್ಲಿ ಅನ್ನ ತಿಂತೀವಿ" ಅಂದರು ಆಂಟಿ.

"ಅದೆಲ್ಲಾ ಆಮ್ಯಾಲೆ" ಎಂದು ಅತ್ತೆ ಫೈಲ್ ತೆರೆದರು. "ಎರಡನೇ ಪ್ಯಾರಾ ನೋಡ್ರಿ. ಈ ಮಾತು ಫ್ರೆಂಚೇ ಅಂತ ರಾಜ್ಯ ಸರ್ಕಾರ ಬರದದ. ನಿಮ್ಮ ದಾಖಲೆದಾಗ ಅಸಂಬದ್ಧ ಅಂತ ಅದ. ಎರಡೂ ಹ್ಯಾಂಗ ಖರೇ ಆಗ್ತಾವ? ಮೊದಲ ಈ ಪ್ರತಿ ಮ್ಯಾಲೆ ಮುಟ್ಟಿದೆ ಅಂತ ಸಹಿ ಹಾಕಿ ಕೊಡ್ರಿ."

ಮ್ಯಾನೇಜರ್ ನಕ್ಕು ಸಹಿ ಹಾಕಿದರು. ಅವರಿಗೆ ಅದರಿಂದ ಹೋಗುವುದೇನೂ ಇರಲಿಲ್ಲ. ಆಮೇಲೆ ಮೃದುವಾಗಿಯೇ ಹೇಳಿದರು: "ಕಾಗದ ಒಂದು ಜನಾಂಗದ ಬಗ್ಗೆ ಇದೆ. ನಾನು ತೀರ್ಮಾನ ಮಾಡಬೇಕಾಗಿರೋದು ಒಬ್ಬರ ಬಗ್ಗೆ. ಅದು ಫ್ರೆಂಚ್ ಅಂತಲೇ ಇಟ್ಟುಕೊಳ್ಳೋಣ. ಅವರು ಆಡೋದ್ರಲ್ಲಿ ಅರ್ಥ ಇದೆಯಾ? ಕರೆಸ್ತೀನಿ, ನೀವೇ ಏನಾದ್ರೂ ಕೇಳಿ."

ಅಕ್ಕನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದವಳು ಆಫ್ರಿಕಾದ ಕಾಂಗೋ ಕಡೆಯ ಒಬ್ಬ ಹುಡುಗಿ, ಅಲ್ಲಿನ ಸಹಾಯಕಿ. ಕುರ್ಚಿಯನ್ನು ಮೇಜಿಗೆ ತಾಗಿಸಿ ಹಿಂದೆ ನಿಂತಳು. ಅಕ್ಕ ಮೈಕಟ್ಟಿನಲ್ಲಿ ಆಂಟಿಗಿಂತ ಚಿಕ್ಕ ಆಳು. ಯಾರೋ ತಲೆ ಬಾಚಿ ಕ್ಲಿಪ್ಪು ಹಾಕಿದ್ದರು. ಆಂಟಿ ಅವರ ಕೈ ಹಿಡಿದು ತಮ್ಮ ಮಾತಿನಲ್ಲಿ ಏನೋ ಕೇಳಿದರು. ಇಲ್ಲಿ ಹೇಗಿದೆ, ಕೋಣೆ ಹಿಡಿಸಿದೆಯಾ ಎಂಬಂಥ ಪ್ರಶ್ನೆ ಇರಬೇಕು ಅನ್ನಿಸಿತು.

ಅಕ್ಕ ಮೇಜಿನ ಸುತ್ತ ಒಬ್ಬೊಬ್ಬರನ್ನೂ ನೋಡಿದರು. ಪೆನ್ನು ಹಿಡಿದ ಮ್ಯಾನೇಜರ್, ಪ್ಯಾಡ್ ಹಿಡಿದ ನರ್ಸ್, ಬೆನ್ನು ನೆಟ್ಟಗೆ ಮಾಡಿ ಫೈಲ್ ಮುಂದಿಟ್ಟು ಕುಳಿತ ಅತ್ತೆ. ಅತ್ತೆಯ ಮೇಲೆ ಆ ಕಣ್ಣು ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಆಮೇಲೆ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಆಂಟಿಯ ಕಡೆಗೆ ಬಾಗಿ, ಸಣ್ಣ ದನಿಯಲ್ಲಿ ಏನೋ ಅಂದರು. ಅದನ್ನೇ ಇನ್ನೊಮ್ಮೆ ಅಂದರು.

ಆಂಟಿ ಅಕ್ಕನ ತಲೆಯ ಕ್ಲಿಪ್ಪು ಸರಿಪಡಿಸಿದರು.

"ಏನಂದ್ರು?" ಎಂದು ನರ್ಸ್ ಕೇಳಿದರು.

"ಬೆಳಿಗ್ಗೆ ನನ್ನ ಕಿಟಕೀಲಿ ಬಿಸಿಲು ಬರುತ್ತೆ ಅಂದಳು" ಅಂದರು ಆಂಟಿ. "ಆ ಮರ ಕಾಣುತ್ತೆ. ಮಧ್ಯಾಹ್ನ ಹೊರಗೆ ಕಾರು ಬರೋದು ನೋಡ್ತಾ ಕೂತ್ಕೋತೀನಿ, ಇಲ್ಲಿಂದ ನನ್ನ ಬೇರೆ ಕಡೆ ಹಾಕಬೇಡಿ ಅಂದಳು. ಸೂಪಿಗೆ ಉಪ್ಪು ಸಾಲದು ಅಂದಳು."

ಉಪ್ಪಿನ ಮಾತಿಗೆ ನರ್ಸ್ ನಕ್ಕರು. ಮ್ಯಾನೇಜರ್ ಪೂರ್ತಿ ನಗಲಿಲ್ಲ. ಕುರ್ಚಿಯ ಹಿಂದೆ ನಿಂತವಳ ಕಡೆ ನೋಡಿ, "ನಿಮ್ಮ ದೇಶದಲ್ಲೂ ಫ್ರೆಂಚ್ ಅಲ್ವಾ? ನಿನಗೆ ಇದು ತಿಳಿಯುತ್ತಾ?" ಎಂದು ಕೇಳಿದರು.

"ತಿಳಿಯುತ್ತೆ ಮ್ಯಾಮ್. ಎಲ್ಲ ಅಲ್ಲ. ಬಹಳಷ್ಟು."

"ಇಷ್ಟು ದಿನ ಹೇಳಲೇ ಇಲ್ಲವಲ್ಲ."

"ಕೆಲಸದ ಹೊತ್ತಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಆಡಬಾರದು ಅಂತ ನೀವು ಹೇಳಿದ್ರಿ ಮ್ಯಾಮ್. ಎಲ್ಲರಿಗೂ ಹೇಳಿದ್ರಿ."

ಮ್ಯಾನೇಜರ್ ಪೆನ್ನಿನ ತುದಿಯನ್ನು ನೋಡಿಕೊಂಡರು. "ಸರಿ. ಈಗ ಇವರು ಹೇಳಿದ್ರಲ್ಲ, ಅವರು ಅಂದದ್ದು ಅದೇನಾ?"

ಕೋಣೆಯಲ್ಲಿ ಎಲ್ಲರೂ ಆ ಹುಡುಗಿಯನ್ನು ನೋಡಿದೆವು. ಅವಳು ಆಂಟಿಯನ್ನು ನೋಡಿದಳು.

"ಹೌದು ಮ್ಯಾಮ್" ಅಂದಳು. "ಕಿಟಕಿ ಅಂದ್ರು. ಉಪ್ಪು ಅಂದ್ರು."

ಮ್ಯಾನೇಜರ್ ಬರೆದುಕೊಂಡರು. ಫ್ರೆಂಚ್ ಮಾತಾಡುತ್ತಾರೆ, ಮಾತಿನಲ್ಲಿ ಅರ್ಥವಿದೆ, ಸದ್ಯ ಇದೇ ಕೋಣೆ, ಬೇಸಿಗೆ ಕಳೆದು ಮತ್ತೆ ಪರಿಶೀಲನೆ. ಅತ್ತೆ ಅದರದೂ ಒಂದು ಪ್ರತಿ ಕೇಳಿ ತೆಗೆದುಕೊಂಡರು. ನಾವು ಎದ್ದು ನಿಂತಾಗ ಅಕ್ಕ ಇನ್ನೂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ಇದ್ದರು.

ಕಾರಿನಲ್ಲಿ ಕುಳಿತ ಮೇಲೆ ನನಗೆ ಖುಷಿಯೋ ಖುಷಿ. ಗೆದ್ದೆವು ಎಂಬಂತೆ ಏನೇನೋ ಹೇಳಿದೆ. ಅತ್ತೆ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿದರು.

"ಅಕ್ಕಾರ, ಆಕಿ ಅಂದದ್ದು ಗೇಣುದ್ದ ಇತ್ತು. ನಿಮ್ಮ ತರ್ಜುಮೆ ಮಾರುದ್ದ ಇತ್ತು. ಖರೇ ಏನಂದ್ಲು ಹೇಳ್ರಿ."

ಆಂಟಿ ಮಡಿಲಲ್ಲಿದ್ದ ಚೀಲದ ಜಿಪ್ಪು ಎಳೆದರು, ಬಿಟ್ಟರು.

"ನಾನು ಸುಮ್ಮನೇ ಇದ್ದೀನಿ ಅಂತ ಟೀಚರ್‌ಗೆ ಹೇಳು ಅಂದಳು. ನಾನೊಂದು ಮಾತೂ ಆಡಿಲ್ಲ ಅಂತ ಹೇಳು ಅಂದಳು."

ನಾನು ಕಾರು ಚಾಲೂ ಮಾಡಿದ್ದವಳು ಆಫ್ ಮಾಡಿದೆ.

"ಶಾಲೇಲಿದ್ದೀನಿ ಅಂದ್ಕೊಂಡಿದ್ದಾಳೆ" ಅಂದರು ಆಂಟಿ. "ಮೇಜು, ಪೆನ್ನು, ಇಷ್ಟು ಜನ. ಕಾಳಿನ ಮೇಲೆ ನಿಲ್ಲಿಸ್ತಾರೆ ಅಂತ ಹೆದರಿಕೊಂಡು, ಫ್ರೆಂಚ್ ಆಡಲ್ಲ ಅಂತ ಫ್ರೆಂಚಲ್ಲೇ ಹೇಳ್ತಿದ್ದಾಳೆ. ಅದನ್ನ ನಾನು ಇಂಗ್ಲಿಷಿನಲ್ಲಿ ಹೇಳಿದ್ರೆ ಏನಾಗೋದು? ಬುದ್ಧಿ ಹೋಗಿದೆ, ನಡಿ ಒಳಗೆ ಅನ್ನೋರು. ಬುದ್ಧಿ ಹೋಗಿದೆಯೋ ಏನೋ, ನನಗೂ ಗೊತ್ತಿಲ್ಲ. ಆದ್ರೆ ಅವಳು ಅಂದದ್ದೆಲ್ಲ ನಿಜವಾಗಿ ನಡೆದದ್ದೇ."

"ಆ ಹುಡುಗಿಗೆ ತಿಳೀತು ಏನು?" ಅಂದೆ ನಾನು.

"ತಿಳೀತು. ನನ್ನ ಮುಖ ನೋಡಿದಳಲ್ಲ."

ಅತ್ತೆ ಕೇಳಿದರು. "ಟೀಚರ್ ಅಂದ್ಲಲ್ಲ. ಯಾರ ಕಡೆ ನೋಡಿ ಅಂದ್ಲು?"

ಆಂಟಿ ಅತ್ತೆಯ ತೊಡೆಯ ಮೇಲಿದ್ದ ಫೈಲಿನ ಕಡೆ ನೋಡಿದರು. ಅತ್ತೆ ಫೈಲನ್ನು ತೊಡೆಯ ಮೇಲಿಂದ ತೆಗೆದು ಕಾಲಿನ ಹತ್ತಿರ ನೆಲದ ಮೇಲೆ ಇಟ್ಟರು. ಮುದ್ರೆ ಬಿದ್ದ ಕಾಗದವನ್ನು ಅವರು ಕಾಲ ಬಳಿ ಇಟ್ಟದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಮನೆಗೆ ಬಂದ ಮೇಲೆ ಅವರು ಸರಿಯಾಗಿ ಊಟ ಮಾಡಲಿಲ್ಲ. ಸರ್ವಿಸಿನಲ್ಲಿ ಇದ್ದಷ್ಟು ದಿನ ಒಂದು ಸುಳ್ಳು ನಕಲಿಗೂ 'ಮೂಲದಂತೆ ಇದೆ' ಎಂದು ಮುದ್ರೆ ಒತ್ತಿದವರಲ್ಲ ನಮ್ಮ ಅತ್ತೆ. ಅದಕ್ಕಾಗಿ ಎರಡು ಸಲ ಬೇರೆ ತಾಲ್ಲೂಕಿಗೆ ವರ್ಗವಾಗಿ ಮರಳಿ ಬಂದವರು. ಈಗ ಅವರ ಫೈಲಿನಲ್ಲೇ ಒಂದು ಸುಳ್ಳಿನ ಪ್ರತಿ ಕುಳಿತಿತ್ತು, ಅದನ್ನು ಅವರೇ ಕೇಳಿ ಪಡೆದಿದ್ದರು. ನನಗೆ ಅದಕ್ಕಿಂತ ಹೆಚ್ಚು ಕಾಡಿದ್ದು ಆ ಹುಡುಗಿ. ಬೇಸಿಗೆ ಕಳೆದು ಮತ್ತೆ ಕೇಳುತ್ತಾರೆ. ಆಗ ಅಕ್ಕ ಏನನ್ನುತ್ತಾರೋ. ಆಂಟಿಯ ಬಾಯಿಗೆ ಅಷ್ಟು ಬೇಗ ಕಿಟಕಿ, ಮರ, ಉಪ್ಪು ಬರುತ್ತವೋ ಇಲ್ಲವೋ. ಬಂದರೂ ಕುರ್ಚಿಯ ಹಿಂದೆ ನಿಂತವರು ಯಾರಿರುತ್ತಾರೋ. ಮುಂಬಾಗಿಲ ಹಾಲ್‌ನಲ್ಲಿ ಪತ್ರಕ್ಕೆ ಫ್ರೇಮು ಬಿತ್ತು, ಪಕ್ಕದಲ್ಲಿ ಪ್ಯಾರಿಸ್ ಗೋಪುರದ ಚಿತ್ರವೂ ಬಂತು. ಇಂಗ್ಲಿಷ್ ಬಿಟ್ಟು ಬೇರೆ ಆಡಬಾರದೆಂಬ ನಿಯಮವನ್ನು ಯಾರೂ ತೆಗೆಯಲಿಲ್ಲ, ಇದೆ ಎಂದೂ ಹೇಳಲಿಲ್ಲ. ಆ ಹುಡುಗಿ ಬಾಗಿಲು ಹಾಕಿಕೊಂಡು ಅಕ್ಕನೊಡನೆ ಎರಡು ಮಾತಾಡುತ್ತಾಳಂತೆ, ಹಾಲ್‌ಗೆ ಬಂದರೆ ಸುಮ್ಮನಾಗುತ್ತಾಳಂತೆ. ಈಗ ಅಲ್ಲಿ ಸುಮ್ಮನಿರುವವರು ಇಬ್ಬರು.

ಕೆಲವು ದಿನ ಅತ್ತೆ ಬೇಲಿಯ ಕಡೆಗೇ ಹೋಗಲಿಲ್ಲ. ಆಂಟಿಯೂ ಕರೆಯಲಿಲ್ಲ. ಹೊಸ ಬೆಂಡೆ ಬೀಜ ಹಾಕುವ ಕಾಲ. ಒಂದು ಶನಿವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿದ್ದಾಗ ಹಿತ್ತಲಿನಿಂದ ಅತ್ತೆಯ ದನಿ ಕೇಳಿಸಿತು.

"ಅಕ್ಕಾರ, ಮುಂದಿನ ಮೀಟಿಂಗಿಗೆ ತಾರೀಖ ಹಾಕ್ಯಾರೇನು?"

"ಇನ್ನೂ ಇಲ್ಲ. ನನ್ನನ್ನೇ ಹೇಳಿ ಅಂದಿದ್ದಾರೆ."

"ಹಂಗಾರ ಮೊದಲ ಆ ಹುಡುಗಿ ಡ್ಯೂಟಿ ಯಾವ ದಿನ ಅಂತ ಕೇಳ್ಕೊಳ್ರಿ. ಆ ದಿನಾನೇ ಹಾಕಿಸ್ರಿ. ಬ್ಯಾರೆ ದಿನ ಒಪ್ಪಬ್ಯಾಡ್ರಿ."

ಆಂಟಿ ಮಣ್ಣಿನ ಕೈಯಲ್ಲೇ ಎದ್ದು ನಿಂತಿರಬೇಕು.

"ನೀವು ಬರ್ತೀರಾ, ಶಾ?"

"ಬರ್ತೀನಿ" ಅಂದರು ಅತ್ತೆ. "ಬರದೆ ಏನು. ಹೊರಗ ಕಾರಿನ್ಯಾಗ ಕೂಡ್ತೀನಿ."